ದಾಳವೂ ಗೋಡೆಯ ಎತ್ತರವೂ

ಹೆಣ್ಣುಮಕ್ಕಳು ಮೇಜಿನ ಸುತ್ತ ದಾಳ ಹಿಡಿದು ಕುಳಿತರೆ ಪಗಡೆಯಾಟವೆಂದೇ ಪೋಷಕರು ಬಗೆಯಬೇಕಾಗಿಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ ಕಥೆಯನ್ನು ಬೆಳೆಯಿಸುವ ಆಟವೂ ಉಂಟು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ರಚಿಸಿ ೧೯೭೪ರಲ್ಲಿ ಅಮೆರಿಕಾ ದೇಶದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ೨೦೧೪ರ ನಿಯಮಗಳಂತೆ, ಗೋಡೆಯನ್ನೇರುವುದೇ ಮೊದಲಾದ ಸಾಹಸಗಳಿಗೆ ಆಟ ನಡೆಯಿಸುವವರು ಒಂದು ಅಂಕೆಯನ್ನು ಗೊತ್ತುಮಾಡುವರು: ಸುಲಭಕ್ಕೆ ೧೦, ಮಧ್ಯಮಕ್ಕೆ ೧೫, ಕಠಿಣಕ್ಕೆ ೨೦. ಇಪ್ಪತ್ತು ಮುಖಗಳ ದಾಳದಲ್ಲಿ ಬಿದ್ದ ಸಂಖ್ಯೆಗೆ ಪಾತ್ರದ ನೈಪುಣ್ಯಾಂಕವನ್ನು ಕೂಡಿಸಲು, ಮೊತ್ತವು ಆ ಅಂಕೆಯನ್ನು ಮುಟ್ಟಿದರೆ ಜಯ.

ಇಲ್ಲಿ ನಾವು ಬಹುಕಾಲ ತಪ್ಪಿದೆವು. ಏರುವವಳು ನಿಪುಣೆಯೆಂದು ಅಂಕೆಯನ್ನೂ ಏರಿಸಿದೆವು. ಅವಳು ಕಲಿತದ್ದೆಲ್ಲ ವ್ಯರ್ಥವಾಯಿತು. ಅಂಕೆಯು ಗೋಡೆಗೆ ಸೇರಿದ್ದು, ಏರುವವಳಿಗಲ್ಲ. ೧೫ರ ಗೋಡೆಯನ್ನು ನೈಪುಣ್ಯಾಂಕವಿಲ್ಲದವಳು ನೂರಕ್ಕೆ ೩೦ ಸಲ ಏರುವಳು. ೫ರ ನೈಪುಣ್ಯಾಂಕವುಳ್ಳವಳು ೫೫ ಸಲ. ಆದರೆ ಒಂದೇ ಗೋಡೆಗೆ ಮೂರಾವರ್ತಿ ದಾಳ ಹಾಕಿಸಿ ಮೂರರಲ್ಲಿಯೂ ಗೆಲ್ಲಬೇಕೆಂದರೆ ಆ ೫೫ ಸುಮಾರು ೧೭ಕ್ಕೆ ಇಳಿಯುವುದು! ಗೋಡೆಯನ್ನು ಗುಟ್ಟಾಗಿ ಎತ್ತರಿಸಿದಂತೆಯೇ ಸರಿ. ಇನ್ನು ಏಣಿಯಿದ್ದು, ಅವಸರವೂ ಅಪಾಯವೂ ಇಲ್ಲದಿರುವಲ್ಲಿ ದಾಳವನ್ನು ಮುಟ್ಟುವುದೇ ಬೇಡ.