ಹಾಸ್ಟೆಲ್ ನಡೆಯುವ ಬಗೆ: ಮೆಸ್ ಬಿಲ್, ಮೋಟಾರು, ತಿಗಣೆ, ವಾರ್ಡನ್

ಹಾಸ್ಟೆಲ್ ಕೋಣೆಯಲ್ಲಿರುವ ವಿದ್ಯಾರ್ಥಿ ಸಾಮಾನ್ಯವಾಗಿ ಬಾಡಿಗೆದಾರನಲ್ಲ. ಪ್ರವೇಶದ ದಿನ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಹಾಸಿಗೆಯ ಸುರುಳಿ ಹಿಡಿದು ಗಡಿಬಿಡಿಯಲ್ಲಿ ಸಹಿ ಹಾಕುವ ನಿಯಮಾವಳಿಯ ಹಾಳೆ ಕೊಡುವುದು ಅನುಮತಿಯನ್ನಷ್ಟೇ: ಇಷ್ಟು ತಿಂಗಳು, ಇಂಥ ಷರತ್ತಿಗೆ ಒಳಪಟ್ಟು ಈ ಮಂಚದ ಮೇಲೆ ಮಲಗಬಹುದು ಎಂದು. ಬಾಡಿಗೆ ಮನೆಯ ಮಾಲೀಕ ಹೇಳದೆ ಕೇಳದೆ ಒಳಗೆ ನುಗ್ಗಿದರೆ ಜಗಳವಾಡಬಹುದು. ಇಲ್ಲಿ ರೂಮು ಬದಲಾಯಿಸಿದರೂ, ತಪಾಸಣೆಗೆ ಬಂದರೂ, ಬೇಸಿಗೆ ರಜೆಗೆ ಖಾಲಿ ಮಾಡಿ ಎಂದರೂ ಆ ಹಾಳೆಯಲ್ಲಿ ಅದಕ್ಕೆ ಜಾಗ ಇದ್ದೇ ಇರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಅದರ ಒಂದು ಪ್ರತಿ ಕೇಳಿ ಪಡೆಯುವುದು. ಕೋಣೆಯಲ್ಲಿ ಕಾಲಿಟ್ಟ ದಿನವೇ ಮುರಿದ ಕಿಟಕಿ ಗಾಜು, ಕುಂಟುವ ಮೇಜು, ಸದ್ದು ಮಾಡುವ ಫ್ಯಾನು ಎಲ್ಲದರ ಫೋಟೊ ತೆಗೆದು ವಾರ್ಡನ್ನರಿಗೆ ಇಮೇಲ್ ಮಾಡಿಡಿ. ಕೋರ್ಸು ಮುಗಿದಾಗ ಕಾಷನ್ ಡಿಪಾಸಿಟ್‌ನಿಂದ ಕಡಿತವಾಗುವುದು ಇಂಥವುಗಳಿಗೇ.

ಹಾಸ್ಟೆಲ್ ನಿಯಮಗಳ ದನಿ ಇಂದಿಗೂ ಸ್ವಲ್ಪ ಉಪಕಾರದ ದನಿಯೇ. ಅದಕ್ಕೆ ಚರಿತ್ರೆಯಿದೆ. ಹಳೇ ಮೈಸೂರಿನ ಊರುಗಳಲ್ಲಿ ಬಡ ಹುಡುಗರು ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದಿದರು. ಆಮೇಲೆ ಮಠಗಳ ಉಚಿತ ಪ್ರಸಾದನಿಲಯಗಳು, ಸಮುದಾಯದ ಸಂಘಗಳು ಕಟ್ಟಿಸಿದ ವಿದ್ಯಾರ್ಥಿನಿಲಯಗಳು ಬಂದವು. ಅನ್ನ ಹಾಕಿದವರ ಮುಂದೆ ದೂರು ಹೇಳುವುದು ಆಗ ಸಭ್ಯತೆಯಾಗಿರಲಿಲ್ಲ. ಈಗ ಸಾವಿರಗಟ್ಟಲೆ ಶುಲ್ಕ ಕಟ್ಟಿಸಿಕೊಳ್ಳುವ ಹಾಸ್ಟೆಲ್‌ಗಳೂ ಅದೇ ಸಭ್ಯತೆಯನ್ನು ನಿರೀಕ್ಷಿಸುತ್ತವೆ ಎನ್ನುವುದು ನನ್ನ ತಕರಾರು. ದೂರುವ ಮೊದಲು ಮಾತ್ರ ಒಳಗಿನ ಯಂತ್ರ ತಿರುಗುವ ಬಗೆ ಗೊತ್ತಿರಬೇಕು. ಹಾಸ್ಟೆಲ್‌ನ ಬಹುಪಾಲು ಕಷ್ಟಗಳಿಗೆ ಯಾರ ದುರುದ್ದೇಶವೂ ಕಾರಣವಲ್ಲ. ಅವು ಒಂದು ಲೆಕ್ಕದ ಪುಸ್ತಕದಲ್ಲೋ, ಒಂದು ಪೈಪಿನಲ್ಲೋ, ಒಂದು ಮಂಜೂರಾತಿ ಕಡತದಲ್ಲೋ ಹುಟ್ಟುತ್ತವೆ.

ಮೆಸ್ಸಿನಿಂದ ಶುರು ಮಾಡೋಣ. ಜಗಳ ಹೆಚ್ಚು ಅಲ್ಲೇ. ವಿಶ್ವವಿದ್ಯಾಲಯದ ಹಳೆಯ ಹಾಸ್ಟೆಲ್‌ಗಳಲ್ಲಿ ನಡೆದುಬಂದದ್ದು ಡಿವೈಡಿಂಗ್ ಪದ್ಧತಿ. ತಿಂಗಳ ಖರ್ಚನ್ನೆಲ್ಲ ಒಟ್ಟುಗೂಡಿಸಿ, ಎಲ್ಲರ ಹಾಜರಿ ದಿನಗಳ ಮೊತ್ತದಿಂದ ಭಾಗಿಸಿದರೆ ದಿನದ ದರ ಸಿಗುತ್ತದೆ. ಸರಳ ಎನ್ನಿಸುತ್ತದೆ. ಆದರೆ ಹಬ್ಬದ ತಿಂಗಳಲ್ಲಿ ಬಿಲ್ಲು ನೋಡಿ ಹೌಹಾರುವವರು ಪ್ರತಿ ವರ್ಷವೂ ಇರುತ್ತಾರೆ. ಲೆಕ್ಕಕ್ಕೆಂದು 200 ಜನರ ಹಾಸ್ಟೆಲ್ ಒಂದನ್ನು ಇಟ್ಟುಕೊಳ್ಳಿ. ಅಕ್ಕಿ, ಬೇಳೆ, ತರಕಾರಿ, ಹಾಲಿಗೆ ತಲೆಗೆ ದಿನಕ್ಕೆ 60 ರೂಪಾಯಿ. ಅಡುಗೆಯವರ ಸಂಬಳ, ಗ್ಯಾಸು, ಪಾತ್ರೆ ತೊಳೆಯುವವರ ಕೂಲಿ ಸೇರಿ ತಿಂಗಳಿಗೆ 1,80,000. ಎಲ್ಲರೂ 30 ದಿನ ಉಂಡರೆ 6,000 ಹಾಜರಿ ದಿನ. ದಿನಸಿ 3,60,000, ಒಟ್ಟು ಖರ್ಚು 5,40,000, ದಿನದ ದರ 90 ರೂಪಾಯಿ. ದಸರಾ ಬಂತು, ಹೆಚ್ಚಿನವರು ಊರಿಗೆ ಹೋದರು, ಹಾಜರಿ 2,400ಕ್ಕೆ ಇಳಿಯಿತು ಎನ್ನಿ. ದಿನಸಿ 1,44,000ಕ್ಕೆ ಇಳಿಯುತ್ತದೆ, ಆದರೆ 1,80,000 ಅಲುಗುವುದಿಲ್ಲ. ಭಾಗಿಸಿ ನೋಡಿ: 135 ರೂಪಾಯಿ. ಅದೇ ಸಾರು, ಅದೇ ಪಲ್ಯ, ಒಂದೂವರೆ ಪಟ್ಟು ದರ. ಯಾರೂ ದುಡ್ಡು ಹೊಡೆದಿಲ್ಲ. ಊರಿಗೆ ಹೋಗದವರು, ಅಂದರೆ ಸಾಮಾನ್ಯವಾಗಿ ದೂರದ ಜಿಲ್ಲೆಯವರು ಮತ್ತು ಬಸ್ ಚಾರ್ಜಿಗೆ ಹಿಂದೆಮುಂದೆ ನೋಡುವವರು, ಹೋದವರ ಪಾಲಿನ ಸಂಬಳ, ಗ್ಯಾಸನ್ನೂ ಕಟ್ಟುತ್ತಾರೆ. ಇದಕ್ಕೆ ಮದ್ದು ಸುಲಭ: ಸಂಬಳ, ಗ್ಯಾಸಿನಂಥ ಸ್ಥಿರ ಖರ್ಚನ್ನು ಎಲ್ಲರಿಗೂ ಸಮನಾಗಿ ಹಂಚಿ, ದಿನಸಿಯನ್ನು ಮಾತ್ರ ಹಾಜರಿಗೆ ಕಟ್ಟುವುದು. ಕೆಲವು ಹಾಸ್ಟೆಲ್‌ಗಳು ಹೀಗೆ ಮಾಡುತ್ತವೆ. ನಿಮ್ಮಲ್ಲಿ ಇಲ್ಲದಿದ್ದರೆ ಮೆಸ್ ಕಮಿಟಿಯಲ್ಲಿ ಎತ್ತಬೇಕಾದ ಮೊದಲ ಮಾತು ಇದೇ.

ರಜೆ ಹೋದರೆ ಬಿಲ್ ಕಡಿತ ಸಿಗಲು ಮುಂಚಿತವಾಗಿ ಬರೆದುಕೊಡಬೇಕು, ಕನಿಷ್ಠ ಇಷ್ಟು ದಿನ ಸತತ ಗೈರಿರಬೇಕು ಎಂಬ ನಿಯಮವೂ ಈ ಲೆಕ್ಕದಿಂದಲೇ ಹುಟ್ಟಿದ್ದು. ನಾಳೆ ಎಷ್ಟು ಜನ ಉಣ್ಣುತ್ತಾರೆ ಎಂದು ಗೊತ್ತಿಲ್ಲದ ಅಡುಗೆಯವರು ಹೆಚ್ಚೇ ಬೇಯಿಸುತ್ತಾರೆ. ಮಿಕ್ಕ ಅನ್ನದ ಬೆಲೆ ಡಿವೈಡಿಂಗ್‌ನಲ್ಲಿ ಎಲ್ಲರ ತಲೆಗೆ ಬೀಳುತ್ತದೆ.

ಕಂಟ್ರಾಕ್ಟ್ ಮೆಸ್ಸಿನಲ್ಲಿ ಗಾಳಿ ತಿರುಗಿ ಬೀಸುತ್ತದೆ. ಅಲ್ಲಿ ತಿಂಗಳಿಗೆ ಇಷ್ಟು ಎಂದು ಕಟ್ಟಿಯಾಗಿರುತ್ತದೆ. ನೀವು ಉಣ್ಣದೆ ಹೊರಗೆ ಎಗ್ ರೈಸ್ ತಿಂದರೆ ಉಳಿತಾಯ ಗುತ್ತಿಗೆದಾರರದ್ದು. ಹಾಗಾಗಿ ಊಟ ತೀರಾ ಕೆಟ್ಟು ನಿಮ್ಮನ್ನು ಓಡಿಸದಿದ್ದರೂ, ತೀರಾ ಚೆನ್ನಾಗಿದ್ದು ಕರೆಯುವುದೂ ಇಲ್ಲ. ಬೆಳಗಿನ ‘ಕಾಂಕ್ರೀಟ್’, ಅಂದರೆ ನಮ್ಮ ಉಪ್ಪಿಟ್ಟು, ವಾರಕ್ಕೆ ಮೂರು ಸಲ ಬರುವುದು ರವೆ ಅಗ್ಗ, ಕೆಲಸ ಬೇಗ ಎಂಬ ಕಾರಣಕ್ಕೆ. ಇಲ್ಲಿ ರುಚಿಯ ಬಗ್ಗೆ ಗೊಣಗಿ ಪ್ರಯೋಜನ ಕಡಿಮೆ. ಗುತ್ತಿಗೆಯ ಷರತ್ತಿನಲ್ಲಿ ಏನು ಬರೆದಿದೆ ಎಂದು ಕೇಳಿ: ಮೊಟ್ಟೆ ವಾರಕ್ಕೆಷ್ಟು, ಹಾಲು ಎಷ್ಟು, ಎಣ್ಣೆ ಯಾವುದು. ಜೊತೆಗೆ ಅಡುಗೆಮನೆಯ ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅನ್ನದಲ್ಲಿ ಹುಳ ಸಿಕ್ಕರೆ ಆ ಸಂಖ್ಯೆ, ಫೋಟೊ, ದಿನಾಂಕ ಇರುವ ದೂರಿಗೆ ತೂಕ ಬೇರೆ.

ಸರ್ಕಾರಿ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳ ಕಥೆ ಇನ್ನೊಂದು ಬಗೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಲ್ಲಿ ಊಟಕ್ಕೆ ನೀವು ದುಡ್ಡು ಕೊಡುವುದಿಲ್ಲ, ಸರ್ಕಾರ ತಲೆಗಿಷ್ಟು ಎಂದು ಕೊಡುತ್ತದೆ. ಅಲ್ಲಿ ಹಾಜರಿ ಪುಸ್ತಕವೇ ಖಜಾನೆ. ಇಲ್ಲದವರ ಹೆಸರಿನಲ್ಲಿ ಹಾಜರಿ ಬಿದ್ದರೆ ಇರುವವರ ತಟ್ಟೆ ಬಡವಾಗುತ್ತದೆ. ದೂರು ಕಾಲೇಜಿನ ಪ್ರಾಂಶುಪಾಲರಿಗೆ ಕೊಟ್ಟರೆ ಸುತ್ತಾಡುತ್ತದೆ. ಅದು ಹೋಗಬೇಕಾದದ್ದು ಇಲಾಖೆಯ ತಾಲ್ಲೂಕು ಮತ್ತು ಜಿಲ್ಲಾ ಅಧಿಕಾರಿಗಳಿಗೆ. ಮಾಹಿತಿ ಹಕ್ಕು ಕಾಯ್ದೆ, 2005 ಇಲ್ಲಿ ಒಳ್ಳೆಯ ಆಯುಧ. ಹತ್ತು ರೂಪಾಯಿ ಶುಲ್ಕ ಕಟ್ಟಿ, ಒಂದೇ ವಿಷಯಕ್ಕೆ ಸೀಮಿತವಾಗಿ ಚುಟುಕಾಗಿ ಬರೆದರೆ 30 ದಿನದೊಳಗೆ ಉತ್ತರ ಬರಬೇಕು. ‘ಕಳೆದ ಮೂರು ತಿಂಗಳ ದಿನಸಿ ಖರೀದಿ ಮತ್ತು ಹಾಜರಿ ವಹಿಯ ಪ್ರತಿ’ ಎಂಬ ಒಂದು ಸಾಲು ಸಾಕು. ಎಷ್ಟೋ ಸಲ ಉತ್ತರಕ್ಕಿಂತ ಮೊದಲೇ ಊಟ ಸುಧಾರಿಸುತ್ತದೆ!

ಇನ್ನು ನೀರು. ಹಾಸ್ಟೆಲ್‌ಗೆ ತಲೆಗೆ ದಿನಕ್ಕೆ 135 ಲೀಟರ್ ಎನ್ನುವುದು ಭಾರತೀಯ ಮಾನಕದ ಲೆಕ್ಕ. 300 ಜನಕ್ಕೆ 40,500 ಲೀಟರ್. ಸಂಪಿನಲ್ಲಿ ಅಷ್ಟು ನೀರಿದ್ದೂ ಬೆಳಿಗ್ಗೆ ಎಂಟಕ್ಕೆ ನಲ್ಲಿ ಬರಿದಾಗುವುದು ಏಕೆ? ಎಲ್ಲರೂ ಒಂದೇ ಹೊತ್ತಿನಲ್ಲಿ ಏಳುವುದರಿಂದ. ಬೆಳಿಗ್ಗೆ ಆರರಿಂದ ಒಂಬತ್ತರವರೆಗಿನ ಮೂರು ಗಂಟೆಗಳಲ್ಲಿ ಒಬ್ಬೊಬ್ಬರು 80 ಲೀಟರ್ ಬಳಸಿದರೂ 24,000 ಲೀಟರ್ ಬೇಕು. ತಾರಸಿಯ ಟ್ಯಾಂಕು 10,000 ಲೀಟರಿನದು, ಮೋಟಾರು ಗಂಟೆಗೆ 5,000 ಲೀಟರ್ ಎತ್ತುತ್ತದೆ ಎಂದುಕೊಳ್ಳಿ. ಆರಕ್ಕೇ ಮೋಟಾರು ಹಾಕಿದರೆ ಒಂಬತ್ತರೊಳಗೆ 25,000 ಸಿಗುತ್ತದೆ, ಎಲ್ಲರ ಸ್ನಾನವೂ ಆಗುತ್ತದೆ. ಏಳಕ್ಕೆ ಹಾಕಿದರೆ 20,000. ಕೊನೆಗೆ ಎದ್ದವರು ಬಕೆಟ್ ಹಿಡಿದು ನಿಂತಿರುತ್ತಾರೆ. ಬೋರ್‌ವೆಲ್ ಬತ್ತಿದೆ ಎಂದು ತೀರ್ಮಾನಿಸುವ ಮೊದಲು ಮೋಟಾರು ಹಾಕುವ ಹೊತ್ತು ಯಾವುದು, ಹಾಕುವವರು ಯಾರು, ಅವರ ಪಾಳಿ ಎಷ್ಟಕ್ಕೆ ಶುರು ಎಂದು ವಿಚಾರಿಸಿ. ಟ್ಯಾಂಕಿಗೆ ನೀರಿನ ಮಟ್ಟ ನೋಡಿಕೊಂಡು ತಾನೇ ಚಾಲೂ ಆಗುವ ಸಾಧನ ಹಾಕಿಸುವುದು ದೊಡ್ಡ ಖರ್ಚಿನ ಮಾತಲ್ಲ.

ಮಹಡಿಗೂ ಇದರಲ್ಲಿ ಪಾಲಿದೆ. ನೀರಿನ ಒತ್ತಡ ಎತ್ತರದ ಲೆಕ್ಕ. ಟ್ಯಾಂಕಿನಿಂದ ಹತ್ತು ಮೀಟರ್ ಕೆಳಗಿನ ನಲ್ಲಿಯಲ್ಲಿ ಭರ್ರೆಂದು ಬರುವ ನೀರು, ಟ್ಯಾಂಕಿನ ಬುಡದಲ್ಲೇ ಇರುವ ಮೇಲಿನ ಮಹಡಿಯಲ್ಲಿ ಸಣ್ಣ ಧಾರೆ. ಕೆಳಗಿನವರೆಲ್ಲ ಒಟ್ಟಿಗೆ ನಲ್ಲಿ ತಿರುಗಿಸಿದರೆ ಮೇಲೆ ಬರುವುದು ಗಾಳಿ. ಸೋಲಾರ್ ಬಿಸಿನೀರಿನಲ್ಲಿ ಅದೃಷ್ಟ ಅದಲುಬದಲು. ಮೇಲಿನ ಮಹಡಿಗೆ ಬೇಗ ಬಿಸಿ ಬರುತ್ತದೆ, ನೆಲಮಹಡಿಯವರು ಪೈಪಿನಲ್ಲಿ ರಾತ್ರಿಯಿಡೀ ನಿಂತ ತಣ್ಣೀರನ್ನೆಲ್ಲ ಚೆಲ್ಲಿ ಕಾಯಬೇಕು. ರೂಮು ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ಮಧ್ಯದ ಮಹಡಿ ಕೇಳಿ.

ಬಿಸಿನೀರು ಸಿಗದಾಗ ಟ್ರಂಕಿನಿಂದ ಹೊರಬರುವುದು ಕಾಯಿಲ್. ಅದಕ್ಕೆ ನಿಷೇಧ ಏಕೆ ಎಂದರೆ ಹುಡುಗರು ವಾರ್ಡನ್ನರ ಜಿಪುಣತನ ಎನ್ನುತ್ತಾರೆ. ಜಿಪುಣತನ ಇರಬಹುದು. ಆದರೆ ರೂಮಿನ ಮಾಮೂಲಿ ಸಾಕೆಟ್ 6 ಆಂಪಿಯರಿನದು. 230 ವೋಲ್ಟಿನಲ್ಲಿ ಅದು ತಾಳುವುದು 1,380 ವ್ಯಾಟ್. 1,500 ವ್ಯಾಟಿನ ಕಾಯಿಲ್ ಆ ಗೆರೆಯನ್ನು ದಾಟಿಯೇ ಶುರುವಾಗುತ್ತದೆ. 2,000 ವ್ಯಾಟಿನ ಇಂಡಕ್ಷನ್ ಒಲೆಯ ಮಾತೇ ಬೇಡ. ಒಂದೇ ಸಾಲಿನ ನಾಲ್ಕೈದು ರೂಮುಗಳಿಗೆ ಒಂದೇ ತಂತಿ ಎಳೆದಿರುವ ಹಳೆಯ ಕಟ್ಟಡಗಳಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬರ ಮ್ಯಾಗಿಗೆ ಇಡೀ ಸಾಲು ಕತ್ತಲಾಗುತ್ತದೆ. ಕತ್ತಲಾದರೆ ಪುಣ್ಯ. ಫ್ಯೂಸಿಗೆ ದಪ್ಪ ತಂತಿ ಸುತ್ತಿಟ್ಟಿದ್ದರೆ ಗೋಡೆಯೊಳಗಿನ ವೈರು ಕಾಯುತ್ತದೆ. ಪ್ರತಿ ಮಹಡಿಗೆ 16 ಆಂಪಿಯರಿನ ಪ್ರತ್ಯೇಕ ಲೈನಿರುವ ಒಂದು ಚಿಕ್ಕ ಪ್ಯಾಂಟ್ರಿ ಕೊಡಿ ಎಂದು ಬರವಣಿಗೆಯಲ್ಲಿ ಕೇಳುವುದು ಕಾಯಿಲ್ ಬಚ್ಚಿಡುವುದಕ್ಕಿಂತ ಜಾಣತನ.

ವೈ-ಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಹತ್ತರ ನಂತರ ಎಲ್ಲರೂ ಒಂದೇ ಸಂಪರ್ಕಕ್ಕೆ ಬೀಳುತ್ತಾರೆ. ಸಿಗ್ನಲ್ ಸಾಲದೆಂದು ಒಬ್ಬೊಬ್ಬರೂ ಹಾಟ್‌ಸ್ಪಾಟ್ ಹಾಕಿದರೆ ಸ್ಥಿತಿ ಇನ್ನೂ ಕೆಡುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳಿರುವುದು ಮೂರೇ, ಎಲ್ಲರೂ ಅಲ್ಲೇ ಕಿತ್ತಾಡುತ್ತಾರೆ. ಫೋನು ಹಿಡಿಯುವಂತಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ.

ತಿಗಣೆಯ ವಿಷಯಕ್ಕೆ ಮಾತ್ರ ತಾಳ್ಮೆ ಬೇಕು. ನಾಚಿಕೆ ಬೇಡ: ಅದು ಕೊಳಕಿನ ಗುರುತಲ್ಲ, ಬ್ಯಾಗು, ಹಾಸಿಗೆಯ ಜೊತೆ ಊರೂರು ತಿರುಗುವ ಪ್ರಾಣಿ. ರೋಗ ಹರಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ, ನಿದ್ದೆ ಮಾತ್ರ ಕೆಡಿಸುತ್ತದೆ. ರಜೆಯಲ್ಲಿ ಹಾಸ್ಟೆಲ್ ಖಾಲಿ ಇದ್ದರೆ ಹಸಿದು ಸಾಯುತ್ತವೆ ಎಂಬ ಲೆಕ್ಕಾಚಾರ ತಪ್ಪು. ಬೆಳೆದ ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಒಂದು ಸಲ ಔಷಧಿ ಹೊಡೆಸಿ ಕೈತೊಳೆದುಕೊಳ್ಳುವುದೂ ದಂಡ. ಹೆಚ್ಚಿನ ಔಷಧಿಗಳು ಮೊಟ್ಟೆಗೆ ತಾಗುವುದಿಲ್ಲ, ಒಂದೆರಡು ವಾರದಲ್ಲಿ ಮೊಟ್ಟೆಯೊಡೆದು ಹೊಸ ಸಂತಾನ ಬರುತ್ತದೆ. ಆದ್ದರಿಂದ ಎರಡು ವಾರ ಬಿಟ್ಟು ಎರಡನೇ ಸಲ ಹೊಡೆಸಲೇಬೇಕು. ಅದೂ ಒಂದು ರೂಮಿಗಲ್ಲ, ಎಡಬಲದ, ಮೇಲೆ ಕೆಳಗಿನ ರೂಮುಗಳಿಗೂ. ಬಟ್ಟೆ, ಹೊದಿಕೆಗಳನ್ನು ಕುದಿಯುವಷ್ಟು ಬಿಸಿ ನೀರಿನಲ್ಲಿ ನೆನೆಸಿ. ಶಾಖಕ್ಕೆ ಮೊಟ್ಟೆಯೂ ಉಳಿಯುವುದಿಲ್ಲ. ಕಬ್ಬಿಣದ ಮಂಚದ ಸಂದು, ಹಾಸಿಗೆಯ ಹೊಲಿಗೆ, ಸ್ವಿಚ್ ಬೋರ್ಡಿನ ಬಿರುಕು ನೋಡಿ. ಕಡಿತ ತಾಳದೆ ಹಾಸಿಗೆಯನ್ನು ಪಡಸಾಲೆಗೆ ಎಸೆಯಬೇಡಿ, ಮಹಡಿಗೆಲ್ಲ ಹಂಚಿದಂತಾಗುತ್ತದೆ. ಸೀಮೆಎಣ್ಣೆ ಸುರಿಯುವ ಹಳೇ ಉಪಾಯವಂತೂ ಬೆಂಕಿಗೆ ಆಹ್ವಾನ.

ಗೇಟು ಮುಚ್ಚುವ ಹೊತ್ತು ಹುಡುಗಿಯರ ಹಾಸ್ಟೆಲ್‌ಗಳ ದೊಡ್ಡ ಸಂಕಟ. ಹುಡುಗರು ಹತ್ತೂವರೆಗೆ ಚಹಾ ಕುಡಿದು ಬರುವ ಕ್ಯಾಂಪಸ್ಸಿನಲ್ಲೇ ಹುಡುಗಿಯರಿಗೆ ಏಳಕ್ಕೆ ಬೀಗ. ಸುರಕ್ಷತೆಯ ಹೆಸರಿನಲ್ಲಿ ವಿದ್ಯಾರ್ಥಿನಿಯರಿಗೆ ಮಾತ್ರ ತಾರತಮ್ಯದ ನಿಯಮ ಹೇರಬಾರದು ಎಂದು ಯುಜಿಸಿಯ 2015ರ ಲೈಂಗಿಕ ಕಿರುಕುಳ ತಡೆ ನಿಯಮಾವಳಿಯೇ ಹೇಳುತ್ತದೆ. ಆ ವಾಕ್ಯವನ್ನು ಎತ್ತಿ ಬರೆದು ಗ್ರಂಥಾಲಯ ಮುಚ್ಚುವ ಹೊತ್ತಿನವರೆಗಾದರೂ ಸಮಯ ವಿಸ್ತರಿಸಿ ಎಂದು ಕೇಳಿದರೆ ಇಲ್ಲ ಎನ್ನುವುದು ಆಡಳಿತಕ್ಕೆ ಸುಲಭವಲ್ಲ. 2019ರಲ್ಲಿ ಕೇರಳದ ವಿದ್ಯಾರ್ಥಿನಿಯೊಬ್ಬರು ಹಾಸ್ಟೆಲ್‌ನಲ್ಲಿ ಓದಿನ ವೇಳೆ ಮೊಬೈಲ್ ಒಪ್ಪಿಸಬೇಕೆಂಬ ನಿಯಮವನ್ನು ಒಪ್ಪದೆ ಹೊರಹಾಕಿಸಿಕೊಂಡಾಗ, ಅವರನ್ನು ಮತ್ತೆ ಸೇರಿಸಿಕೊಳ್ಳುವಂತೆ ಕೇರಳ ಹೈಕೋರ್ಟ್ ಆದೇಶಿಸಿತು. ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿಗೂ ಖಾಸಗಿತನಕ್ಕೂ ಸೇರಿದ್ದೆಂದು ಅದು ನೋಡಿತು. ಶಿಸ್ತು ಇರಲಿ, ಆದರೆ ಅದಕ್ಕೂ ಗಡಿಯುಂಟು.

ವಾರ್ಡನ್ ಬಹಳ ಕಡೆ ಹೆಚ್ಚುವರಿ ಹೊಣೆ ಹೊತ್ತ ಅಧ್ಯಾಪಕರು. ಅವರ ಕೈಯಲ್ಲಿರುವುದು ಚಿಲ್ಲರೆ ಖರ್ಚಿನ ಹಣ. ನಲ್ಲಿಯ ವಾಷರ್ ನಾಳೆಯೇ ಬದಲಾಗುತ್ತದೆ. ಸೋರುವ ತಾರಸಿಗೆ ಅಂದಾಜು ಪಟ್ಟಿ, ಎಂಜಿನಿಯರಿಂಗ್ ವಿಭಾಗ, ಕೊಟೇಶನ್, ಮಂಜೂರಾತಿ ಎಲ್ಲ ಆಗಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ವಾಷರ್ ಕೂಡ ಕಡತದಲ್ಲಿ ಕೂರುತ್ತದೆ. ಬೇರೆಬೇರೆ ಬರೆಯಿರಿ. ಬಾಯಲ್ಲಿ ಹೇಳಿದ್ದನ್ನು ದೂರು ಪುಸ್ತಕದಲ್ಲೂ ದಾಖಲಿಸಿ, ಆ ಪುಟದ ಫೋಟೊ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಯುಜಿಸಿಯ 2023ರ ನಿಯಮಾವಳಿಯ ಪ್ರಕಾರ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ದೂರು ತಲುಪಿದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕೆಂಬುದು ಆಶಯ. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ರ‍್ಯಾಗಿಂಗ್‌ಗೆ ಈ ದಾರಿ ಹಿಡಿಯಬೇಡಿ. ಅದಕ್ಕೆ 2009ರ ಪ್ರತ್ಯೇಕ ನಿಯಮಾವಳಿಯಿದೆ, 1800-180-5522 ಸಹಾಯವಾಣಿ ಹಗಲೂ ರಾತ್ರಿಯೂ ಇದೆ.

ಸೀಟೇ ಸಿಗದವರ ಪಾಡು ಬೇರೆ. ಹಿಂದುಳಿದ ವರ್ಗದ ಅರ್ಹ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆ ಊಟ, ವಸತಿಗೆ ನೆರವು ಕೊಡುತ್ತದೆ. ಆರಂಭದಲ್ಲಿ ಅದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಇತ್ತು. ಪಿಜಿಗೆ, ಅಂದರೆ ಪೇಯಿಂಗ್ ಗೆಸ್ಟ್ ವಸತಿಗೆ, ಹೋಗುವವರಿಗೆ ಇನ್ನೊಂದು ವಿಷಯ: 2024ರ ಜುಲೈನಿಂದ, ತಿಂಗಳಿಗೆ ತಲೆಗೆ 20,000 ರೂಪಾಯಿ ಮೀರದ, ಸತತ 90 ದಿನವಾದರೂ ಇರುವ ವಸತಿಗೆ ಜಿಎಸ್‌ಟಿ ವಿನಾಯಿತಿಯಿದೆ. ಬಿಲ್ಲಿನಲ್ಲಿ ಆ ತೆರಿಗೆ ಸೇರಿದ್ದರೆ ಪ್ರಶ್ನಿಸಿ.

ಹಾಸ್ಟೆಲ್ ಬಿಡುವಾಗ ಕೊನೆಯ ಪರೀಕ್ಷೆಯ ಮರುದಿನವೇ ಬಸ್ ಹತ್ತಬೇಡಿ. ನೋ ಡ್ಯೂಸ್‌ಗೆ ಮೆಸ್ಸು, ಗ್ರಂಥಾಲಯ, ಹಾಸ್ಟೆಲ್ ಕಚೇರಿ ಮೂರರ ಸಹಿಯೂ ಬೇಕು, ಅದರಲ್ಲಿ ಒಬ್ಬರು ರಜೆಯಲ್ಲಿರುವುದು ಮಾಮೂಲು. ಬೀಗದ ಕೈ ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ, ಡಿಪಾಸಿಟ್ ಹಿಂದಿರುಗಿಸಲು ಬ್ಯಾಂಕ್ ಖಾತೆಯ ವಿವರವನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಮೊದಲ ದಿನ ಕಳಿಸಿದ್ದ ಫೋಟೊಗಳ ಇಮೇಲ್ ಆಗ ಕೈಗೆ ಸಿಗುವಂತಿರಲಿ.