ಕಾಫಿ ಎಲೆಗೂ ಬೆಲೆ ಉಂಟೆ?

ಕಪಾತಿನ ಕಾಲದಲ್ಲಿ, ಚಿಗುರು ತೆಗೆಸುವಾಗ, ಗಿಡದ ಬುಡಕ್ಕೆ ಬೀಳುವ ಎಲೆಯನ್ನು ನಾವು ಈವರೆಗೆ ಗೊಬ್ಬರವೆಂದೇ ಎಣಿಸಿದ್ದೇವೆ. ಆ ಎಲೆಯಿಂದ ‘ಆಂಟಿ ಆಕ್ಸಿಡೆಂಟ್’ ತೆಗೆಯಬಹುದು, ಅದಕ್ಕೆ ಬೆಲೆ ಉಂಟು ಎಂಬ ಮಾತಿದೆ. ಮಾತಿನಲ್ಲಿ ಹುರುಳಿದೆ, ಆದರೆ ಎಲೆಗೆ ಕೈ ಹಾಕುವ ಮುನ್ನ ಬೆಳೆಗಾರ ಬಾಂಧವರು ಕೆಲವು ಸಂಗತಿ ತಿಳಿದಿರುವುದು ಒಳ್ಳೆಯದು.

ಎಣ್ಣೆಯನ್ನು ಗಾಳಿಗೆ ತೆರೆದಿಟ್ಟರೆ ಕಮಟು ವಾಸನೆ ಬರುತ್ತದೆಯಷ್ಟೆ. ಗಾಳಿಯ ಆಮ್ಲಜನಕ ಮಾಡುವ ಇಂಥ ಕೆಡುಕನ್ನು ತಡೆಯುವ ವಸ್ತುಗಳಿಗೆ ಆ ಹೆಸರು. ಕಾಫಿ ಎಲೆಯಲ್ಲಿ ಕ್ಲೋರೋಜೆನಿಕ್ ಆಮ್ಲ ಉಂಟು. ಮಾವಿನ ಎಲೆಯಲ್ಲಿರುವ ಮ್ಯಾಂಜಿಫೆರಿನ್ ಅರೇಬಿಕಾ ಎಲೆಯಲ್ಲೂ ಇದೆಯೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಎಳೆಯ ಎಲೆಯಲ್ಲಿ ಇವು ಹೆಚ್ಚು, ಬಲಿತಂತೆ ಕಡಿಮೆ.

ಹಸಿ ಅಡಿಕೆ ಹೋಳು ಮಾಡಿಟ್ಟರೆ ಕೆಂಪಾಗುವುದನ್ನು ನಮ್ಮಲ್ಲಿ ನೋಡದವರಿಲ್ಲ. ಜಜ್ಜಿದ ಎಲೆಯಲ್ಲಿ ನಡೆಯುವುದೂ ಅದೇ. ಎಲೆಯೊಳಗಿನ ಕಿಣ್ವವೇ ನಮಗೆ ಬೇಕಾದ ವಸ್ತುವನ್ನು ಕೆಡಿಸುತ್ತದೆ. ಆದ್ದರಿಂದ ಕೊಯ್ದ ಎಲೆಯನ್ನು ರಾಶಿ ಹಾಕದೆ, ಬೇಗನೆ ಹಬೆ ಕೊಟ್ಟು ಒಣಗಿಸಬೇಕು. ನಂತರ ಪುಡಿ ಮಾಡಿ, ಬಿಸಿನೀರಿನಲ್ಲೋ ನೀರು ಬೆರೆಸಿದ ಮದ್ಯಸಾರದಲ್ಲೋ ನೆನೆಸಿ, ಸೋಸಿ, ಒತ್ತಡ ತಗ್ಗಿಸಿದ ಪಾತ್ರೆಯಲ್ಲಿ ಕಡಿಮೆ ಶಾಖದಿಂದ ಆವಿ ಮಾಡಿದರೆ ಸಾರ ಉಳಿಯುತ್ತದೆ. ಮದ್ಯಸಾರ ಥಟ್ಟನೆ ಹೊತ್ತಿಕೊಳ್ಳುವಂಥದು. ಮೇಲಾಗಿ ಅಬಕಾರಿ ಕಾನೂನು! ಇದು ಹಿತ್ತಲಿನ ಒಲೆಯಲ್ಲಿ ಆಗುವ ಕೆಲಸವಲ್ಲ.

ಬರಿಯ ನೀರಿನ ದಾರಿ ಹಳೆಯದು. ಪಶ್ಚಿಮ ಸುಮಾತ್ರಾದಲ್ಲಿ ಡಚ್ಚರು 1847ರಲ್ಲಿ ಕಾಫಿ ಬೆಳೆಯನ್ನು ಕಡ್ಡಾಯ ಮಾಡಿದರು. ಬೀಜವೆಲ್ಲ ಸರ್ಕಾರದ ಉಗ್ರಾಣ ಸೇರಿ, ರೈತನ ಪಾಲಿಗೆ ಎಲೆಯೊಂದೇ ಉಳಿಯಿತೆಂದು ಅಲ್ಲಿನವರು ಹೇಳುತ್ತಾರೆ. ಬೆಂಕಿಯ ಮೇಲೆ ಒಣಗಿಸಿದ ಎಲೆಯನ್ನು ಕುದಿಸಿದ ‘ಕಾವಾ ದಾವುನ್’ ಪಾನೀಯವನ್ನು ಇಂದಿಗೂ ತೆಂಗಿನ ಕರಟದಲ್ಲಿ ಕುಡಿಯುವುದುಂಟು. ಇಥಿಯೋಪಿಯದಲ್ಲೂ ಎಲೆಯ ಕಷಾಯ ರೂಢಿಯಲ್ಲಿದೆ. ಐರೋಪ್ಯ ಒಕ್ಕೂಟ 2020ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಗಮನಿಸಿ, ಒಪ್ಪಿಗೆ ಸಿಕ್ಕಿದ್ದು ಎಲೆಯ ಕಷಾಯಕ್ಕೆ, ಭಟ್ಟಿಯಿಳಿಸಿದ ಸಾರಕ್ಕಲ್ಲ.

ನಮ್ಮ ದೊಡ್ಡ ತೊಡಕು ಮೈಲುತುತ್ತ. ತುಕ್ಕು ರೋಗಕ್ಕೆಂದು ಮುಂಗಾರಿಗೆ ಮೊದಲು ಮತ್ತು ಮಳೆ ಬಿಟ್ಟ ಮೇಲೆ ಬೋರ್ಡೋ ದ್ರಾವಣ ಹೊಡೆದ ಎಲೆಗೆ ತಾಮ್ರ ಅಂಟಿರುತ್ತದೆ. ಆ ಎಲೆ ಕಷಾಯಕ್ಕೂ ಬೇಡ, ಸಾರಕ್ಕೂ ಬೇಡ. ಫಸಲಿನ ರೆಕ್ಕೆಯ ಎಲೆಯನ್ನಂತೂ ಮುಟ್ಟಲೇಬಾರದು. ಕಾಯಿ ತುಂಬುವುದು ಎಲೆಯ ಬಲದಿಂದ, ಎಲೆ ಹೋದರೆ ರೆಕ್ಕೆಯೇ ಒಣಗೀತು. ಉಳಿಯುವುದು ಹೇಗೂ ಮುರಿದು ಹಾಕುವ ಚಿಗುರು ಮಾತ್ರ. ಅದನ್ನೂ ಮಳೆಗಾಲದಲ್ಲಿ ಒಣಗಿಸುವುದೆಲ್ಲಿ?

ಕೊಳ್ಳುವವರು ಬಂದರೆ ಲೆಕ್ಕ ಹಸಿ ತೂಕಕ್ಕೋ ಒಣ ತೂಕಕ್ಕೋ, ತಾಮ್ರದ ಪರೀಕ್ಷೆಯ ಖರ್ಚು ಯಾರದು ಎಂಬುದನ್ನು ಬರವಣಿಗೆಯಲ್ಲಿ ಪಡೆಯದೆ ತೋಟಕ್ಕೆ ಆಳು ಇಳಿಸಬೇಡಿ.