ನಿಮಗಿದು ಗೊತ್ತೆ? ಎಮ್ಮೆ ಹಾಲು ಕೂಸಿಗೆ ಒಗ್ಗಿದ್ದು ಮೈಸೂರಿನಲ್ಲಿ!

ಗುಜರಾತಿನ ಅಮುಲ್ ಮಾರುಕಟ್ಟೆಗೆ ತಂದ ಶಿಶು ಆಹಾರ ತಯಾರಾಗಿದ್ದು ಎಮ್ಮೆ ಹಾಲಿನಿಂದ. ಅದನ್ನು ಮಾಡುವ ವಿಧಾನ ಹುಟ್ಟಿದ್ದು ಮಾತ್ರ ನಮ್ಮ ಮೈಸೂರಿನಲ್ಲಿ.

ಎಮ್ಮೆ ಹಾಲು ಎಳೆಗೂಸಿಗೆ ಭಾರ ಎಂಬುದು ಅಜ್ಜಿಯರಿಗೂ ಗೊತ್ತಿದ್ದ ಮಾತು. ಹಸುವಿನ ಹಾಲಿನಲ್ಲಿ ಕೊಬ್ಬು ಶೇ 4ರ ಆಸುಪಾಸು, ಎಮ್ಮೆ ಹಾಲಿನಲ್ಲಿ ಸುಮಾರು ಶೇ 7. ಅದಕ್ಕಿಂತ ದೊಡ್ಡ ತೊಡಕು ಹೊಟ್ಟೆಯೊಳಗಿನದು. ಜಠರ ಸೇರಿದ ಎಮ್ಮೆ ಹಾಲು ಗಟ್ಟಿ ಗಡ್ಡೆಯಾಗಿ ಒಡೆಯುತ್ತದೆ. ಕೂಸಿಗೆ ಅದನ್ನು ಅರಗಿಸಿಕೊಳ್ಳುವುದು ಕಷ್ಟ.

ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಇದಕ್ಕೆ ದಾರಿ ಹುಡುಕಿದರು. ಕೊಬ್ಬು ಇಳಿಸಿದರು. ಹಾಲು ಒಡೆದಾಗ ಗಡ್ಡೆ ಮೆತ್ತಗಿರುವಂತೆ ಹದ ಮಾಡಿದರು. ಸಕ್ಕರೆ, ಜೀವಸತ್ವ ಬೆರೆಸಿ ಪುಡಿಯಾಗಿಸಿದರು. ತಾಯಿಯ ಎದೆಹಾಲಿಗೆ ಸಾಟಿಯಿಲ್ಲ, ನಿಜ. ಆದರೆ ಅದು ಸಿಗದ ಕೂಸಿಗಾಗಿ ಆಗ ದೇಶ ಆಮದು ಡಬ್ಬಿಗಳನ್ನೇ ನೆಚ್ಚಿಕೊಂಡಿತ್ತು. ಕೊಟ್ಟಿಗೆಯ ಎಮ್ಮೆಯ ಹಾಲೇ ಆ ಡಬ್ಬಿಯ ಜಾಗಕ್ಕೆ ಬಂತು. ಬಿಸಿನೀರಿಗೆ ಎರಡು ಚಮಚ ಪುಡಿ ಹಾಕಿ ಕಲಕಿದ ಎಷ್ಟೋ ಅಮ್ಮಂದಿರಿಗೆ ಮೈಸೂರಿನ ಈ ನಂಟು ಗೊತ್ತೇ ಇರಲಿಲ್ಲ.